ವಾಸಿಯಾದ ಮೇಲೆ ನೇಣು

“ಏಯ್ ಮುಂಡೇದೇ, ಇವನೇನಾದ್ರೂ ಈ ಮಂಚದ ಮೇಲೇ ಸತ್ರೆ ನೇಣಿಗೆ ನಿಮ್ಮಪ್ಪನ್ನ ಹಾಕ್ಲಾ? ನೆಲ ಆಮೇಲೆ ಒರೆಸ್ಕೋ. ಮೊದ್ಲು ಹಾಲು ಕುಡ್ಸು.”

ಜೈಲರ್ ಸಾಹೇಬರು ಗದರಿದ್ದು ವಾರ್ಡಿನ ಬಾಗಿಲಲ್ಲೇ ನಿಂತು. ಒಳಗೆ ಬಂದರೆ ಕೈದಿಯ ಎದೆಯ ಕಫ ತಮಗೆಲ್ಲಿ ಅಂಟೀತೋ ಎಂಬ ಭಯ. ಆಯಾ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈ ತೊಳೆದು, ಹಾಲಿನ ಲೋಟ ಎತ್ತಿಕೊಂಡಳು. ಒಂದು ಕಾಲನ್ನು ಸರಪಳಿಯಿಂದ ಮಂಚಕ್ಕೆ ಬಿಗಿಸಿಕೊಂಡು ಮಲಗಿದ್ದವನು ಅವಳ ಒಡಹುಟ್ಟಿದ ತಮ್ಮ. ಆಸ್ಪತ್ರೆಯಲ್ಲಿ ಇದು ಗೊತ್ತಿದ್ದದ್ದು ಅವಳ ಜೊತೆ ಕಸ ಹೊಡೆಯುವ ಕುಳ್ಳಿಗೆ ಮಾತ್ರ. ಉಳಿದವರು ಕೇಳಿರಲಿಲ್ಲ. ಫಿನಾಯಿಲ್ ವಾಸನೆಯ ಹೆಂಗಸಿಗೂ ಅಪ್ಪ, ಅಮ್ಮ, ತಮ್ಮ ಎಂದೆಲ್ಲ ಇರುತ್ತಾರೆ ಅನ್ನುವುದು ಅವರಿಗೆ ಹೊಳೆದಿರಲಿಲ್ಲ.

ತಮ್ಮ ಇಟ್ಟಿಗೆ ಭಟ್ಟಿಯ ಆಳು. ಆಳುಗಳು ಓಡಿಹೋದಾರೆಂದು ಭಟ್ಟಿಯ ಧಣಿ ಕತ್ತಲಾದೊಡನೆ ಅವರ ಶೆಡ್ಡಿಗೆ ಹೊರಗಿನಿಂದ ಬೀಗ ಜಡಿಯುತ್ತಿದ್ದ. ಒಮ್ಮೆ ಶೆಡ್ಡಿಗೆ ಬೆಂಕಿ ಬಿತ್ತು. ತಮ್ಮ ಆ ಹೊತ್ತು ಭಟ್ಟಿಗೆ ಸೌದೆ ಹಾಕುವ ಪಾಳಿಯಲ್ಲಿದ್ದ. ಒಳಗಿದ್ದ ಅವನ ಹೆಂಡತಿ, ಮಗು ಬೂದಿಯಾದರು. ಅದು ಅಪಘಾತ ಎಂದಿತು ಕೋರ್ಟು. ಧಣಿ ದಂಡ ಕಟ್ಟಿ ಮೀಸೆ ತಿರುವಿಕೊಂಡು ಬಂದ. ಬರುವಾಗ ಹೊಸ ಶೆಡ್ಡಿಗೆಂದು ಮೊದಲಿಗಿಂತ ದಪ್ಪನೆಯ ಬೀಗ ತಂದ. ಆ ಬೀಗ ನೋಡಿದ ತಮ್ಮ ಕೈಗೆ ಸಿಕ್ಕ ಇಟ್ಟಿಗೆ ಎತ್ತಿದ. ಇದು ಕೊಲೆ ಎಂದಿತು ಅದೇ ಕೋರ್ಟು. ನೇಣಿಗೆ ದಿನ ಗೊತ್ತಾಯಿತು.

ಅಷ್ಟರಲ್ಲಿ ಹಾಳಾದ ಜ್ವರ ಬಂತು. ಕಾಯಿಲೆಯವನನ್ನು ಗಲ್ಲಿಗೇರಿಸುವಂತಿಲ್ಲವಂತೆ, ಹಾಗಂತ ಕಾನೂನಿದೆಯಂತೆ. ಕೆಮ್ಮುವವನನ್ನು ಕೊಂದರೆ ಪಾಪ, ಕೆಮ್ಮು ನಿಂತವನನ್ನು ಕೊಂದರೆ ನ್ಯಾಯ. ಹಾಗಾಗಿ ಹುಟ್ಟಿದಾಗಿನಿಂದ ಡಾಕ್ಟರ ಮುಖ ನೋಡದವನಿಗೆ ಕಿಟಕಿ ಪಕ್ಕದ ಮಂಚ, ಬಿಳಿ ಹೊದಿಕೆ, ದಿನಾ ಹಾಲು, ಮೊಟ್ಟೆ. ಮದುಮಗನಿಗೂ ಇಲ್ಲದ ಉಪಚಾರ. ದೊಡ್ಡ ಡಾಕ್ಟರು ತಾವೇ ಬಂದು ಸೂಜಿ ಚುಚ್ಚಿದರು. ಸೂಜಿ ಕೆಲಸ ಮಾಡಿತು. ಜ್ವರ ಇಳಿದಂತೆಲ್ಲ ಅಕ್ಕ ಗಳಿಗೆಗೊಮ್ಮೆ ಮಂಚದ ಬಳಿ ಬರತೊಡಗಿದಳು. ಅವನ ಹಣೆ ಮುಟ್ಟಿ ನೋಡುವಳು; ತಣ್ಣಗಿದ್ದರೆ ಸಂತೋಷಪಡಬೇಕೋ, ಬಾಯಿ ಬಡಿದುಕೊಳ್ಳಬೇಕೋ ಅವಳಿಗೆ ತಿಳಿಯದು.

ಆ ವಾರ್ಡಿನಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಕೊಲೆಗಾರನ ಹತ್ತಿರ ಹೋಗಲು ನರ್ಸಮ್ಮನಿಗೆ ಹೆದರಿಕೆ. ಆಕೆ ಜ್ವರದ ಕಡ್ಡಿಯನ್ನು ಆಯಾಳ ಕೈಗೆ ಕೊಟ್ಟು ಬಾಗಿಲ ಬಳಿಯ ಮೇಜಿಗೆ ಹೋಗಿ ಕೂರುವಳು. ಆಯಾ ಕಡ್ಡಿಯನ್ನು ಕೈದಿಯ ಬಾಯಿಗಿಟ್ಟು, ತೆಗೆದು, ಮೇಜಿಗೆ ತಂದು ತೋರಿಸಬೇಕು, ನರ್ಸಮ್ಮ ಬರೆದುಕೊಳ್ಳಬೇಕು. ಮಂಚದ ಪಕ್ಕದಲ್ಲೇ ಬೆಚ್ಚಗಿನ ಹಾಲಿನ ಲೋಟ ಇರುತ್ತಿತ್ತು. ಅಕ್ಕ ಕಡ್ಡಿಯನ್ನು ಒಂದು ಗಳಿಗೆ ಅದರಲ್ಲಿ ಅದ್ದಿ, ಒರೆಸಿ ತಂದು ಕೊಡತೊಡಗಿದಳು.

ರೋಗಿಯ ಕೆನ್ನೆ ತುಂಬಿತು, ಹೊಟ್ಟೆ ಬಂತು, ಜ್ವರ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ದೊಡ್ಡ ಡಾಕ್ಟರು ಮೊದಲು ತಲೆ ಕೆರೆದುಕೊಂಡರು, ಆಮೇಲೆ ಹಿಗ್ಗಿದರು. ಇಂಥ ಜ್ವರವನ್ನು ಲೋಕದಲ್ಲಿ ಯಾರೂ ಕಂಡಿಲ್ಲ, ಇದಕ್ಕೆ ತಮ್ಮ ಹೆಸರೇ ನಿಂತರೂ ನಿಂತೀತು ಎಂದು ಕಾಲೇಜಿನ ಹುಡುಗರನ್ನೆಲ್ಲ ಕರೆತಂದು ತೋರಿಸಿದರು.

ಒಂದು ದಿನ ಗಲ್ಲುಶಿಕ್ಷೆ ಬೇಡ ಅನ್ನುವವರ ಸಂಘದ ಪ್ರೊಫೆಸರೂ ಬಂದರು, ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಅವರು ಮಂಚದ ಆ ಕಡೆ, ಡಾಕ್ಟರು ಈ ಕಡೆ. ವಾದ ಹತ್ತಿಕೊಂಡಿತು. ಒಬ್ಬನನ್ನು ನೇತುಹಾಕಿದರೆ ನೂರು ಜನ ಹೆದರಿ ನೆಟ್ಟಗಿರುತ್ತಾರೆ ಎಂದರು ಡಾಕ್ಟರು. ಅಜ್ಜನ ಕಾಲದಿಂದ ನೇತುಹಾಕುತ್ತಿದ್ದೇವಲ್ಲ, ಕೊಲೆ ಯಾಕೆ ನಿಂತಿಲ್ಲ ಎಂದರು ಪ್ರೊಫೆಸರು. ಸತ್ತವರ ಮನೆಯವರ ಕಣ್ಣೀರಿಗೆ ಬೆಲೆ ಬೇಡವೇ ಎಂದು ಇವರು. ತಪ್ಪು ತೀರ್ಪಾದರೆ ಹೋದ ಜೀವ ತಂದುಕೊಡುವವರು ಯಾರು ಎಂದು ಅವರು. ಇವನಿಗೆ ಸಾಯುವ ತನಕ ಕೂಳು ಹಾಕಲು ನಾವು ತೆರಿಗೆ ಕಟ್ಟಬೇಕೇ ಎಂದು ಮತ್ತೆ ಇವರು. ಮಾತಿನ ಬಿಸಿಯಲ್ಲಿ ಡಾಕ್ಟರು ತಮ್ಮ ಚೀಲವನ್ನು ರೋಗಿಯ ಹೊಟ್ಟೆಯ ಮೇಲೇ ಇಟ್ಟರು. ಪ್ರೊಫೆಸರು ಅದಕ್ಕೆ ಮೊಣಕೈ ಊರಿದರು. ಶೆಡ್ಡಿನಲ್ಲಿ ಸುಟ್ಟು ಸತ್ತವರ ಮನೆಯವಳಾದ ಅಕ್ಕ ಮಂಚದ ಕೆಳಗೆ ನೆಲ ಒರೆಸುತ್ತಿದ್ದಳು.

“ಒಂದು ಮಾತು ಅರ್ಥ ಮಾಡ್ಕೊಳ್ಳಿ ಡಾಕ್ಟ್ರೇ,” ಎಂದರು ಪ್ರೊಫೆಸರು, ಕರುಣೆಯಿಂದ ಕಣ್ಣು ಒದ್ದೆ ಮಾಡಿಕೊಂಡು. “ಇಂಥ ಜನಕ್ಕೆ ಬುದ್ಧಿ ಎಲ್ಲಿಂದ ಬರಬೇಕು? ಹಾಯೋದು ಎತ್ತಿನ ಸ್ವಭಾವ. ಎತ್ತನ್ನ ಯಾರಾದ್ರೂ ಗಲ್ಲಿಗೇರಿಸ್ತಾರಾ?”

“ಸ್ವಾಮೀ,” ಎಂದ ತಮ್ಮ. ಇಬ್ಬರೂ ಬೆಚ್ಚಿಬಿದ್ದು ಕೆಳಗೆ ನೋಡಿದರು. “ಈ ಚೀಲ ತಗೊಂಡು ಇಬ್ರೂ ಒಂಚೂರು ಆಚೆ ಹೋಗಿ. ಎತ್ತು ಉಚ್ಚೆ ಹುಯ್ಬೇಕು.”

ಬಚ್ಚಲಲ್ಲಿ ಬಕೆಟ್ ತೊಳೆಯುವಾಗ ಕುಳ್ಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಸಾಕಾದ ಮೇಲೆ, ಆ ಇಬ್ಬರಲ್ಲಿ ಯಾರ ಮಾತು ಸರಿ ಎಂದು ಕೇಳಿದಳು.

“ಆ ಧಣಿನ ನೇಣಿಗೆ ಹಾಕಿದ್ರೆ ಹಗ್ಗ ನಾನೇ ಹೊಸೆದು ಕೊಡ್ತಿದ್ದೆ,” ಎಂದಳು ಅಕ್ಕ. “ನನ್ನ ತಮ್ಮಂಗೆ ಬೇಡ. ನನ್ನ ವಾದ ಇಷ್ಟೇ ಕಣೇ.”

ಕೆಟ್ಟದ್ದು ಹಾಲಿನಿಂದಲೇ. ಅಂದು ಹಾಲು ಒಲೆಯಿಂದ ನೇರ ಬಂದಿತ್ತು. ಪಾದರಸ ಸರ್ರನೆ ಏರಿ ಕಡ್ಡಿಯ ತುದಿ ಮುಟ್ಟಿತು. ಅಕ್ಕನಿಗೆ ಅಂಕಿ ಓದಲು ಬಾರದು. ನರ್ಸಮ್ಮನಿಗೆ ಬರುತ್ತಿತ್ತು, ಓದಿದ್ದನ್ನು ಯೋಚಿಸುವ ಅಭ್ಯಾಸ ಮಾತ್ರ ಇರಲಿಲ್ಲ. ಬರೆದಿಟ್ಟಳು. ಬೆಳಿಗ್ಗೆ ಡಾಕ್ಟರು ಅದನ್ನು ಹುಡುಗರ ಮುಂದೆ ಗಟ್ಟಿಯಾಗಿ ಓದಿ ದಂಗುಬಡಿದು ನಿಂತರು. ಅಷ್ಟು ಜ್ವರಕ್ಕೆ ಮನುಷ್ಯ ಹೆಣವಾಗಿರಬೇಕು. ಹೆಣ ಎದ್ದು ಕೂತು ಮೊಟ್ಟೆ ಸುಲಿಯುತ್ತಿತ್ತು. ಹುಡುಗರು ಕಿಸಕ್ಕೆಂದರು. ಡಾಕ್ಟರು ಬೇರೆ ಕಡ್ಡಿ ತರಿಸಿ ತಮ್ಮ ಕೈಯಾರೆ ಇಟ್ಟು ನೋಡಿದರು. ಜ್ವರವೂ ಇಲ್ಲ, ಅವರ ಹೆಸರೂ ಇಲ್ಲ.

“ಇಲ್ಲದ ಜ್ವರಾನ ಇದೆ ಅಂತ ಬರೆಸಿದ ಲೌಡಿ ಯಾವಳೇ?”

“ನಾನೇ,” ಎಂದಳು ಅಕ್ಕ. “ನನ್ನ ಗಂಡ ಇದೇ ಆಸ್ಪತ್ರೆ ಜಗಲೀಲಿ ಬಿದ್ದು ಜ್ವರದಲ್ಲಿ ಬೇಯೋವಾಗ ನಿಮ್ಮ ಕಾಲು ಹಿಡ್ಕೊಂಡಿದ್ದೆ. ಇದ್ದ ಜ್ವರಾನ ಯಾರೂ ಬರ್ಕೊಳ್ಳಿಲ್ಲ. ಇಲ್ಲದ್ದನ್ನಾದ್ರೂ ಬರ್ಕೊಂಡ್ರಲ್ಲ.”

ಡಾಕ್ಟರಿಗೆ ಅದೊಂದೂ ನೆನಪಿರಲಿಲ್ಲ. ಕೈದಿ ಪೂರ್ತಿ ಗುಣವಾಗಿದ್ದಾನೆ ಎಂದು ಸಹಿ ಹಾಕಿದರು. ನಿನ್ನ ಕೆಲಸ ಹೋಯಿತು, ಹೋಗುವ ಮೊದಲು ಮೂಲೆಯಲ್ಲಿರುವ ಆಕ್ಸಿಜನ್ ಸಿಲಿಂಡರನ್ನು ಪಕ್ಕದ ವಾರ್ಡಿಗೆ ಮುಟ್ಟಿಸಿ ಹೋಗು ಎಂದರು. ಕತ್ತು ಹಿಡಿದು ನೂಕುವಾಗಲೂ ಒಂದು ಕೆಲಸ ಮಾಡಿಸಿಕೊಳ್ಳುವುದು ದೊಡ್ಡವರ ಗುಣ.

ಸುದ್ದಿ ತಿಳಿದು ಜೈಲರ್ ಸಾಹೇಬರು ಕಳೆದ ಎಮ್ಮೆ ಸಿಕ್ಕವರ ಹಾಗೆ ನಗುತ್ತಾ ಬಂದರು. ಈ ಸಲ ಒಳಗೂ ಬಂದರು. ಕಾಲಿನ ಸರಪಳಿ ಬಿಚ್ಚಿ, ಕೈಗೆ ಕೋಳ ತೊಡಿಸಿ, ಪೊಲೀಸರು ತಮ್ಮನನ್ನು ಹೊರಡಿಸಿದರು. ಅಕ್ಕ ಸಿಲಿಂಡರನ್ನು ಓರೆ ಮಾಡಿ ತಿರುಗಿಸುತ್ತಾ ಬಾಗಿಲಿಗೆ ಬಂದಿದ್ದಳು. ಅಲ್ಲಿ ಎದುರುಬದುರಾದರು. ಕಾಯಿಲೆ ಇರುವ ತನಕ ಜೀವ. ಜ್ವರ ತರಿಸುವುದು ಅವಳ ಕೈಲಿರಲಿಲ್ಲ. ಕೈಲಿದ್ದದ್ದು ಆಳೆತ್ತರದ ಕಬ್ಬಿಣ. ಅದನ್ನು ನೋಡಿದಳು, ತಮ್ಮನ ಕಾಲು ನೋಡಿದಳು. ಅವಳ ಕಣ್ಣು ಹೋದ ಕಡೆ ತಮ್ಮನ ಕಣ್ಣೂ ಹೋಯಿತು. ಅವನು ತಲೆ ಸುತ್ತಿದವನಂತೆ ಅಲ್ಲೇ ಕುಸಿದು ಕೂತು, ಒಂದು ಕಾಲನ್ನು ಹೊಸ್ತಿಲ ಮೇಲೆ ಚಾಚಿದ.

ಅವ್ವ ಇಟ್ಟಿಗೆ ಹೊರುವಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಆ ಕಾಲಿಗೆ ಎಣ್ಣೆ ತೀಡಿದವಳೂ ಅವಳೇ. ಸಿಲಿಂಡರನ್ನು ಆ ಕಾಲಿನ ಮೇಲಕ್ಕೆ ಓರೆ ಮಾಡಿ ಹಿಡಿದಳು.

“ಬಿಡಕ್ಕಾ,” ಎಂದ ತಮ್ಮ.

ಬಿಟ್ಟಳು.

ಅವನ ಕೂಗಿಗೆ ಇಡೀ ವಾರ್ಡು ಎದ್ದು ಕೂತಿತು. ಜೈಲರ್ ಸಾಹೇಬರು ಟೋಪಿ ತೆಗೆದು ನೆಲಕ್ಕೆ ಬಡಿದರು. ಪೊಲೀಸನೊಬ್ಬ ಅಕ್ಕನ ಜುಟ್ಟು ಹಿಡಿದ. ದೊಡ್ಡ ಡಾಕ್ಟರು ಓಡಿಬಂದು, ಅವಳು ಒರೆಸಿದ ಒದ್ದೆ ನೆಲದಲ್ಲೇ ಮಂಡಿಯೂರಿ, ಮುರಿದ ಕಾಲನ್ನು ಎರಡೂ ಕೈಯಲ್ಲಿ ಎಳೆಮಗುವಿನಂತೆ ಎತ್ತಿ ಹಿಡಿದು, ಪಟ್ಟಿ ತನ್ನಿ, ಬೇಗ ತನ್ನಿ ಎಂದು ಕೂಗಿಕೊಂಡರು.

“ಅವಸರ ಮಾಡ್ಬೇಡಿ ಡಾಕ್ಟ್ರೇ,” ಎಂದಳು ಅಕ್ಕ. “ನಿಧಾನವಾಗಿ ವಾಸಿ ಮಾಡಿ. ಇನ್ನೊಂದು ಕಾಲು ಹಾಗೇ ಇದೆ.”

ಅವಳ ಹಿಂದೆ ಕುಳ್ಳಿ ಏದುಸಿರು ಬಿಡುತ್ತಾ, ಬಿದ್ದ ಸಿಲಿಂಡರನ್ನು ಎತ್ತಿ ನಿಲ್ಲಿಸುತ್ತಿದ್ದಳು.