ಏಣಿ ಯಾವ ಬದಿಗೆ

ಮಯ್ಯತ್ತಿನ ಮಂಚಕ್ಕೆ ಹೆಗಲು ಕೊಡಲು ನಾಲ್ಕು ಮಂದಿ ಬಗ್ಗಿಯೇ ಬಿಟ್ಟಿದ್ದರು. ಮಸೀದಿಯ ಉಸ್ತಾದರು ಕೈ ಅಡ್ಡ ಹಿಡಿದು, "ಸ್ವಲ್ಪ ನಿಲ್ಲಿ. ಫೈಝಲ್, ನೀನು ಹೇಳುವುದು ಬಾಕಿ ಉಂಟು" ಎಂದರು.

ಫೈಝಲ್ ಮಂಚದ ಪಕ್ಕಕ್ಕೆ ಬಂದು ನಿಂತ. ಕೂಳೂರಿನ ಆ ಪುಟ್ಟ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಊರಿಗೆ ಅಂಗಿ, ರವಿಕೆ ಹೊಲಿದುಕೊಟ್ಟ ಟೈಲರ್ ಅಹ್ಮದ್ ಬಾವ ಆ ಬೆಳಿಗ್ಗೆ ತೀರಿಕೊಂಡಿದ್ದ, ಅರ್ಧ ಊರೇ ಬಂದು ನಿಂತಿತ್ತು. ಬಂದವರಲ್ಲಿ ಕೆಲವರ ಬಟ್ಟೆ ಇನ್ನೂ ಹೊಲಿಯದೆ ಅವನ ಅಂಗಡಿಯಲ್ಲೇ ಬಿದ್ದಿತ್ತು. ಇವತ್ತು ಅದನ್ನು ಕೇಳುವ ಹಾಗಿಲ್ಲವಲ್ಲ!

"ನನ್ನ ಬಾಪ ಯಾರಿಗಾದರೂ ಬೇಜಾರು ಮಾಡಿದ್ದರೆ, ಯಾರದಾದರೂ ಹಕ್ಕು ಬಾಪನ ಮೇಲೆ ಉಳಿದಿದ್ದರೆ, ಈಗಲೇ ಹೇಳಿ. ನಾನು ತೀರಿಸ್ತೇನೆ. ಇಲ್ಲದಿದ್ದರೆ ಮನಸ್ಸಾರೆ ಮಾಫ್ ಮಾಡಿ" ಎಂದ ಫೈಝಲ್.

ಮಯ್ಯತ್ ಎತ್ತುವ ಮುಂಚೆ ಮಗನಾದವನು ಹೇಳಲೇಬೇಕಾದ ಮಾತು ಅದು. ಹೇಳುವುದು ಕ್ರಮ, ಉತ್ತರಕ್ಕೆ ಯಾರೂ ಕಾಯುವುದಿಲ್ಲ. ನಿಂತವರು ತಲೆ ಅಲ್ಲಾಡಿಸುತ್ತಾರೆ, "ಮಾಫ್, ಮಾಫ್" ಎನ್ನುತ್ತಾರೆ, ಮಂಚ ಮೇಲೇಳುತ್ತದೆ.

"ನನ್ನದೊಂದು ಫೋಟೋ ಉಂಟಲ್ಲ" ಎಂದಿತು ಗೇಟಿನ ಹತ್ತಿರದ ಒಂದು ಹೆಣ್ಣು ದನಿ.

ಎಲ್ಲರ ತಲೆ ಆ ಕಡೆ ತಿರುಗಿತು. ಸೇತುವೆಯ ಆಚೆ ಬದಿಯಲ್ಲಿ ಬೀಡಿ ಕಟ್ಟಿ ಬದುಕುವ ಕಿನ್ನಿ, ಕೊಡೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅಷ್ಟು ಕಣ್ಣು ತನ್ನ ಮೇಲೆ ಬಿದ್ದದ್ದೇ ಅವಳು ಹೆದರಿದಳು. "ಹೇಳಿ ಅಂದ್ರಲ್ಲ, ಅದಕ್ಕೆ ಹೇಳಿದ್ದು. ನಮ್ಮ ಅಪ್ಪನ ಫೋಟೋ. ಬಾವಾಕ ಕೊಂಡುಹೋಗಿದ್ರು, ನಾಳೆ ಕೊಡ್ತೇನೆ ಅಂತ."

"ಫೋಟೋ ಆಮೇಲೆ ನೋಡುವ ಮಾರಾಯ್ತಿ, ಮಯ್ಯತ್ ಕಾಯ್ತಾ ಉಂಟು" ಎಂದು ಯಾರೋ ಗದರಿದರು.

"ಆಮೇಲೆ ಅಂತ ಇಲ್ಲ" ಎಂದರು ಉಸ್ತಾದರು. "ನಮಾಝು ತಪ್ಪಿದ್ದರೆ ಅದು ಬಾವನಿಗೂ ಅಲ್ಲಾಹನಿಗೂ ಇರುವ ವಿಷಯ. ಮನುಷ್ಯರ ಹಕ್ಕು ಹಾಗಲ್ಲ. ಈ ಅಕ್ಕ ಬಿಟ್ಟರೆ ಮಾತ್ರ ಬಿಟ್ಟ ಹಾಗೆ. ಸಂಜೆಯ ಅಸರ್ ನಮಾಝಿನ ಬಾಂಗಿಗೆ ಇನ್ನೂ ಹೊತ್ತು ಉಂಟು. ಹೋಗು ಫೈಝಲ್, ಹುಡುಕು."

ಆ ಫೋಟೋ ಫೈಝಲನಿಗೆ ಗೊತ್ತಿತ್ತು. ಅದನ್ನು ತರಲು ಬಾಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದವನೇ ಅವನು. ಬಾಪ ಇಷ್ಟೊಂದು ನೆಟ್ಟಗೆ ಬಾಳಿ, ಒಂದು ಫೋಟೋದ ಭಾರ ಹೊತ್ತುಕೊಂಡು ಮಣ್ಣಿಗೆ ಇಳಿಯುವುದೆಂದರೇನು? ಬಾಪ ಬಟ್ಟೆ ಕತ್ತರಿಸುತ್ತಿದ್ದ ಮನೆಯ ಹಿಂದಿನ ಕೋಣೆಗೆ ಅವನು ಓಡಿದ.

*

ಅಹ್ಮದ್ ಬಾವನಿಗೆ ರೈಲ್ವೆಯಲ್ಲಿ ಕೆಲಸವಿರಲಿಲ್ಲ, ರೈಲು ಹತ್ತಿ ದೂರ ಹೋದವನೂ ಅಲ್ಲ. ಆದರೂ ಅವನಿಗೆ ಟ್ಯಾಂಕ್ ವ್ಯಾಗನ್ನಿನ ಹುಚ್ಚು. ಘಟ್ಟದ ಹಳಿ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ಎಣ್ಣೆ ಹೊತ್ತು ಓಡಾಡುತ್ತಿದ್ದ, ಅಡ್ಡ ಮಲಗಿಸಿದ ಪೀಪಾಯಿಯಂಥ ಆ ಗಾಡಿಗಳು ಗುಜರಿ ಸೇರಿ ಎಷ್ಟೋ ಕಾಲವಾಗಿದೆ. ಬಾವ ಹುಡುಗನಾಗಿದ್ದಾಗ ಅವನ್ನು ನೋಡಿದ್ದ. ಈಗ ಎಣ್ಣೆ ಡಬ್ಬಿಯ ತಗಡಿನಲ್ಲಿ ಅವನ್ನು ಗೇಣುದ್ದಕ್ಕೆ ಕಟ್ಟುತ್ತಿದ್ದ. ಗೇಣುದ್ದವಾದರೂ ಸುಳ್ಳಿರಬಾರದು! ಒಂದೊಂದು ರಿವೆಟ್ಟೂ ಅದರದರ ಜಾಗದಲ್ಲೇ ಇರಬೇಕು.

ಅದಕ್ಕಾಗಿ ಅವನು ಮಾಡಿದ ಪತ್ತೇದಾರಿ ಒಂದೆರಡಲ್ಲ. ಹಳೇ ಯಾರ್ಡಿನ ಕೂಲಿಗಳನ್ನು ಹುಡುಕಿಕೊಂಡು ಹೋಗಿ ಚಹಾ ಕುಡಿಸುತ್ತಿದ್ದ. ತುಕ್ಕು ಹಿಡಿದ ಚಾಸಿಯ ಅಡಿಗೆ ಮಲಗಿ ಹೊಲಿಗೆಯ ಟೇಪಿನಿಂದ ಅಳೆಯುತ್ತಿದ್ದ. ಈ ಕೆಲಸದಲ್ಲಿ ಅವನಿಗೆ ಜೊತೆ ಬಜಪೆಯ ನೆವಿಲ್, ರಿಟೈರ್ ಆದ ಡ್ರಾಯಿಂಗ್ ಮಾಸ್ತರರು. ಇಬ್ಬರಿಗೂ ಒಂದೇ ಒಂದು ವಿಷಯದಲ್ಲಿ ವರ್ಷಗಟ್ಟಲೆ ಜಗಳ. ಟ್ಯಾಂಕಿನ ಮೇಲೆ ಹತ್ತುವ ಏಣಿ ಎಡಗಡೆಯೋ, ಬಲಗಡೆಯೋ? ಸಿಕ್ಕ ಫೋಟೋಗಳಲ್ಲೆಲ್ಲ ಆ ಭಾಗವೇ ಇಲ್ಲ. ಕೇಳಿದ ಮುದುಕರಲ್ಲಿ ಒಬ್ಬ ಎಡ ಎಂದರೆ ಇನ್ನೊಬ್ಬ ಬಲ, ಮೂರನೆಯವ ಏಣಿಯೇ ಇರಲಿಲ್ಲ ಎಂದುಬಿಟ್ಟ.

"ಒಂದು ಅಂದಾಜಿನಲ್ಲಿ ಇಡು ಬಾವ, ಯಾರು ನೋಡ್ತಾರೆ?" ಎಂದರೆ, "ಅಂದಾಜಿನಲ್ಲಿ ತೋಳು ಇಟ್ಟರೆ ಅಂಗಿ ಆಗ್ತದಾ ಮಾಸ್ಟ್ರೇ?" ಎನ್ನುತ್ತಿದ್ದ.

ಹೀಗಿರುವಾಗ ಒಂದು ದಿನ ರವಿಕೆಯ ಅಳತೆ ಕೊಡಲು ಬಂದ ಕಿನ್ನಿ ಮಿಷನ್ನಿನ ಪಕ್ಕದಲ್ಲಿ ಅರ್ಧ ಕಟ್ಟಿದ ವ್ಯಾಗನ್ ಕಂಡು, "ಇದು ನಮ್ಮ ಅಪ್ಪ ಎಣ್ಣೆ ಇಳಿಸ್ತಿದ್ದ ಗಾಡಿ ಅಲ್ವಾ? ಮನೆಯಲ್ಲಿ ಫೋಟೋ ಉಂಟು" ಎಂದಳು. ಬಾವ ಕೈಯಲ್ಲಿದ್ದ ಕತ್ತರಿಯನ್ನೂ ಕೆಳಗಿಡದೆ ಅಂಗಡಿ ಮುಚ್ಚಿದ. ಕೊಟ್ಟಾರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಮಗನನ್ನು ಕರೆಸಿ ಸ್ಕೂಟರ್ ಹತ್ತಿದ.

ಕಿನ್ನಿಯ ಮನೆಯ ಗೋಡೆಯಲ್ಲಿ, ದೀಪ ಇಡುವ ಹಲಗೆಯ ಮೇಲೆ, ಆ ಫೋಟೋ ಇತ್ತು. ವ್ಯಾಗನ್ನಿನ ಪಕ್ಕದಲ್ಲಿ ಒಬ್ಬ ಮನುಷ್ಯ ಒಂದು ಕೈಯಲ್ಲಿ ಏಣಿ ಹಿಡಿದು ನಿಂತಿದ್ದ. ಕಿನ್ನಿಯ ಅಪ್ಪ ತುಕ್ರ. ಎಣ್ಣೆ ಕಂಪೆನಿಯ ಯಾರೋ ಗಾಡಿಯ ಫೋಟೋ ತೆಗೆಯುವಾಗ ಇವನೂ ಸಿಕ್ಕಿಬಿದ್ದಿದ್ದ.

"ಬಲಗಡೆ!" ಎಂದು ಬಾವ ಕೂಗಿದ. "ನೋಡು ಫೈಝಲ್, ಬಲಗಡೆ! ಆ ಮಾಸ್ಟ್ರಿಗೆ ಹೇಳು!" ಆಮೇಲೆ ಕಿನ್ನಿಯ ಕಡೆ ತಿರುಗಿ, "ನಿಮ್ಮ ಅಪ್ಪ ಎಷ್ಟು ಎತ್ತರ ಇದ್ರು?" ಎಂದು ಕೇಳಿದ.

"ನನಗೆ ಅಪ್ಪನ ನೆನಪೇ ಇಲ್ಲ ಬಾವಾಕ. ಅವರು ಹೋಗುವಾಗ ನಾನು ತೊಟ್ಟಿಲಲ್ಲಿ. ಈ ದಾರಂದಕ್ಕೆ ಅವರ ತಲೆ ತಾಗ್ತಿತ್ತು ಅಂತ ಅಮ್ಮ ಹೇಳ್ತಿದ್ರು."

ಬಾವ ಕುತ್ತಿಗೆಯ ಟೇಪ್ ತೆಗೆದು ಬಾಗಿಲು ಅಳೆದ. "ಹಾಂ! ಇವರು ಇಷ್ಟು ಅಂದ ಮೇಲೆ ಏಣಿ ಇಷ್ಟು, ಟ್ಯಾಂಕ್ ಇಷ್ಟು. ಲೆಕ್ಕ ಸಿಕ್ಕಿತು." ತುಕ್ರ ಅವನಿಗೆ ಒಳ್ಳೆಯ ಅಳತೆಕೋಲಾಗಿ ಒದಗಿದ್ದ. ಕಿನ್ನಿಗೆ ಅದು ಹೇಗೆ ಗೊತ್ತಾಗಬೇಕು? ಅಪ್ಪನ ಬಗ್ಗೆ ಇಷ್ಟೊಂದು ಕೇಳಿದವರು ಯಾರೂ ಇಲ್ಲವೆಂದು ಅವಳು ಹಿಗ್ಗಿ, ಬೆಲ್ಲ ನೀರು ಕೊಟ್ಟು ಉಪಚಾರ ಮಾಡಿದಳು.

"ಮೊಬೈಲಿನಲ್ಲಿ ತೆಗೀತೇನೆ ಬಾಪ" ಎಂದು ಫೈಝಲ್ ಹೇಳಿದ್ದ. "ಗಾಜಿಗೆ ಬೆಳಕು ಹೊಡೀತದೆ, ರಿವೆಟ್ ಕಾಣುದಿಲ್ಲ. ಅಸಲೇ ಬೇಕು" ಎಂದ ಬಾಪ.

"ಜೋಪಾನ ಬಾವಾಕ. ಬೇರೆ ಇಲ್ಲ" ಎಂದಳು ಕಿನ್ನಿ, ಫೋಟೋ ಇಳಿಸಿಕೊಡುತ್ತಾ.

"ನಾಳೆ ತಂದು ಕೊಡ್ತೇನೆ."

ಟೈಲರ್ ಹೇಳುವ ನಾಳೆ ಎಂಥದ್ದೆಂದು ಕೂಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಆಮೇಲೆ ಕಿನ್ನಿ ಅಂಗಡಿಗೆ ಬಂದಾಗಲೆಲ್ಲ ಅದೇ ನಾಳೆ.

*

ಹಿಂದಿನ ಕೋಣೆಯಲ್ಲಿ ಫೈಝಲ್ ಡ್ರಾಯರುಗಳನ್ನು ಎಳೆದು ಬೋರಲು ಹಾಕಿದ. ಬೊಬಿನ್, ಬಟನ್, ಬೆಸುಗೆಯ ತಂತಿ ಎಲ್ಲ ಚೆಲ್ಲಾಡಿದವು. ಹಿಂದಿನಿಂದ ನೆವಿಲ್ ಬಂದು ಬಾಗಿಲಲ್ಲಿ ನಿಂತರು. ಅತ್ತು ಅವರ ಕಣ್ಣು ಕೆಂಪಾಗಿತ್ತು.

"ಹುಡುಕಬೇಡ ಫೈಝಲ್. ಇಡೀ ಫೋಟೋ ಸಿಗಲಿಕ್ಕಿಲ್ಲ."

"ಎಂತ ಹಾಗೆಂದರೆ ಅಂಕಲ್?"

ನೆವಿಲ್ ಗೋಡೆಯ ಮೊಳೆಯ ಕಡೆ ಕೈ ತೋರಿಸಿದರು. ಬಾಪ ಅಲ್ಲಿ ಕಾಗದದ ಪ್ಯಾಟರ್ನುಗಳನ್ನು ಚುಚ್ಚಿಡುತ್ತಿದ್ದ. ಕಾಲರಿನದ್ದು, ತೋಳಿನದ್ದು, ಕಂಕುಳಿನದ್ದು. ಕಾಗದ ಕತ್ತರಿಸಿ ಬಟ್ಟೆಯ ಮೇಲಿಡು, ಚಾಕ್ ಎಳೆ, ಕತ್ತರಿ ಹಾಕು. ಜೀವಮಾನವಿಡೀ ಮಾಡಿದ ಕೆಲಸ. ಕಣ್ಣು ಮುಚ್ಚಿದರೂ ಕೈ ಅದನ್ನೇ ಮಾಡುತ್ತಿತ್ತು. ಫೈಝಲ್ ಆ ಕಟ್ಟನ್ನು ತೆಗೆದು ಒಂದೊಂದಾಗಿ ಬಿಡಿಸಿದ. ತೋಳು, ಜೇಬು, ಮತ್ತೆ ತೋಳು. ಅದರ ಅಡಿಯಲ್ಲಿ, ಅಂಚಿಗೆ ಸರಿಯಾಗಿ ಕತ್ತರಿಸಿದ ಒಂದು ಟ್ಯಾಂಕ್ ವ್ಯಾಗನ್. ಕಪ್ಪು ಬಿಳುಪು. ನಡುವಿನಲ್ಲಿ ಮೊಳೆಯ ತೂತು. ತಗಡಿನ ಮೇಲಿಟ್ಟು ಗೀರಿದ ಗುರುತು ಸುತ್ತಲೂ ಇತ್ತು. ಬಲಗಡೆ ಏಣಿ. ಏಣಿಯ ಮೆಟ್ಟಿಲನ್ನು ಹಿಡಿದ ನಾಲ್ಕು ಬೆರಳು. ಬೆರಳಿನ ಆಚೆಗೆ ಕಾಗದವೇ ಇಲ್ಲ.

"ಸ್ಕ್ಯಾನ್ ಮಾಡಿ ಕಳಿಸು ಅಂತ ಹೇಳಿದ್ದೆ" ಎಂದರು ನೆವಿಲ್. "ಕಳಿಸಿದ ಮಾರಾಯ, ಆದರೆ ಏಣಿಯ ಭಾಗ ಮಾತ್ರ. ಕತ್ತರಿಸಿ ಆದ ಮೇಲೆಯೇ ಅವನಿಗೆ ಹೊಳೆದದ್ದು. ಫೋನ್ ಮಾಡಿ ಅತ್ತ. ನಾನು ಗಾಡಿಯನ್ನು ಮಾತ್ರ ನೋಡಿದೆ ಮಾಸ್ಟ್ರೇ, ಮನುಷ್ಯ ನನ್ನ ಕಣ್ಣಿಗೇ ಬೀಳಲಿಲ್ಲ ಅಂದ. ಹೋಗಿ ಹೇಳಿಬಿಡು ಅಂದೆ. ನಾಳೆ ಹೇಳ್ತೇನೆ ಅಂದ."

"ಉಳಿದ ಚೂರು? ಎಲ್ಲಿ ಹಾಕಿದ್ದಾರೆ ಅದನ್ನು?"

ಒಳಬಾಗಿಲಿನಲ್ಲಿ ಬಂದು ನಿಂತಿದ್ದ ಉಮ್ಮ ಝೈನಬ್ ಬಾಯಿಗೆ ಸೆರಗು ಒತ್ತಿಕೊಂಡಳು. "ಚೂರೆಲ್ಲ ದಿನಾ ಸಂಜೆ ನಾನೇ ಗುಡಿಸಿ ಬಚ್ಚಲ ಒಲೆಗೆ ಹಾಕುದಲ್ವಾ ಮಗ. ನಾನು ನೋಡಲೇ ಇಲ್ಲ. ಯಾ ಅಲ್ಲಾಹ್, ನಾನು ನೋಡಲೇ ಇಲ್ಲ!"

ಬೆಳಿಗ್ಗೆ ಬಾಪನನ್ನು ಮೀಯಿಸಲು ನೀರು ಕಾಯಿಸಿದ ಒಲೆ ಅದು. ಫೈಝಲ್ ಆದರೂ ಹೋಗಿ ಬಗ್ಗಿ ನೋಡಿದ. ಬೂದಿಯಲ್ಲಿ ಹುಡುಕುವುದಕ್ಕೇನಿದೆ?

ಅವನು ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳಕ್ಕೆ ತಂದ. ಕಿನ್ನಿ ತೆಗೆದುಕೊಂಡಳು. ತಿರುಗಿಸಿ ಹಿಂಬದಿ ನೋಡಿದಳು, ಮತ್ತೆ ಮುಂದೆ ನೋಡಿದಳು.

"ಅಪ್ಪ ಎಲ್ಲಿ?"

ನೆವಿಲ್ ಒಳಗಿನಿಂದ ತಗಡಿನ ವ್ಯಾಗನ್ ತಂದು ಮುಂದೆ ಹಿಡಿದರು. "ಕಿನ್ನಿಯಮ್ಮ, ಇದು ನಿಮ್ಮ ಅಪ್ಪನ ಅಳತೆಯಿಂದ ಕಟ್ಟಿದ್ದು. ಇಷ್ಟು ಕರೆಕ್ಟ್ ಆದದ್ದು ಎಲ್ಲಿಯೂ ಇಲ್ಲ. ನೀವೇ ಇಟ್ಟುಕೊಳ್ಳಿ."

"ಡಬ್ಬಿ ನನಗೆ ಎಂತಕ್ಕೆ?" ಎಂದಳು ಕಿನ್ನಿ. ಆಮೇಲೆ ಅವಳಿಗೆ ಆ ನಾಲ್ಕು ಬೆರಳು ಕಂಡವು. ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಕೊಡೆ ಮಾತ್ರ ಕಂಕುಳಿನಿಂದ ಜಾರಿ ಬಿತ್ತು, ಯಾರೋ ಎತ್ತಿ ಗೇಟಿಗೆ ಒರಗಿಸಿದರು.

"ಅಕ್ಕ, ತಪ್ಪಾಗಿದೆ" ಎಂದ ಫೈಝಲ್. "ಬಾಪ ಬೇಕೆಂತ ಮಾಡಿದ್ದಲ್ಲ. ನಾನು ಕಾಲು ಹಿಡೀತೇನೆ. ಅವರನ್ನು ಬಿಟ್ಟುಬಿಡಿ."

ಮಸೀದಿಯಿಂದ ಬಾಂಗ್ ಕೇಳಿಸಿತು. ಉಸ್ತಾದರು ಕಿನ್ನಿಯ ಮುಖ ನೋಡಿದರು. ಅಂಗಳದ ಗಂಡಸರೆಲ್ಲ ಅವಳ ಮುಖ ನೋಡಿದರು. ಮಂಚದ ಮೇಲೆ ಬಿಳಿ ಬಟ್ಟೆ ಸುತ್ತಿಕೊಂಡು ಬಾವ ಮಲಗಿದ್ದ. ಜಮಾತಿನಲ್ಲಿ ಯಾರು ಸತ್ತರೂ ಕಫನ್ ಬಟ್ಟೆ ಅಳೆದು ಹರಿಯುವವನು ಅವನೇ. ಇವತ್ತು ಅವನದನ್ನು ಬೇರೆ ಯಾರೋ ಹರಿದಿದ್ದರು, ಅಂಚು ಸೊಟ್ಟಗಾಗಿತ್ತು.

"ಬಿಟ್ಟಿದ್ದೇನೆ" ಎಂದಳು ಕಿನ್ನಿ. "ಕೊಂಡುಹೋಗಿ."

ಅಂಗಳಕ್ಕೆ ಅಂಗಳವೇ ಉಸಿರು ಬಿಟ್ಟಿತು. ಮಂಚ ಮೇಲೆದ್ದಿತು.

ಖಬರಸ್ಥಾನದಲ್ಲಿ ಫೈಝಲ್ ಮೂರು ಹಿಡಿ ಮಣ್ಣು ಹಾಕುವಾಗ ಅವನಿಗೆ ಅಳುವಿನ ನಡುವೆಯೂ ಒಂದು ನೆಮ್ಮದಿ ಇತ್ತು. ಬಾಪ ಹಗುರಾಗಿ ಹೋದ. ಗೋರಿಯ ಮೇಲೆ ನೀರು ಚಿಮುಕಿಸಿ, ಜನರೆಲ್ಲ ಕೈ ಕುಲುಕಿ ಚದುರುವವರೆಗೂ ಅವನು ಅದನ್ನೇ ನೆಚ್ಚಿಕೊಂಡು ನಿಂತಿದ್ದ.

*

ಮನೆಗೆ ಬಂದಾಗ ಹಿಂದಿನ ಕೋಣೆಯಲ್ಲಿ ಕಿನ್ನಿ ಕೂತಿದ್ದಳು. ಉಮ್ಮ ಕೊಟ್ಟ ಚಹಾ ಮುಟ್ಟದೆ ತಣ್ಣಗಾಗಿತ್ತು.

"ನೀವು ಹೋಗ್ಲಿಲ್ವಾ ಅಕ್ಕ? ದೊಡ್ಡ ಉಪಕಾರ ಮಾಡಿದ್ರಿ ನೀವು. ನಾನು ಸಾಯುವವರೆಗೂ ಮರೆಯುದಿಲ್ಲ."

"ಸುಳ್ಳು ಹೇಳಿದೆ ಮಗ."

ಫೈಝಲ್ ಟೊಪ್ಪಿ ತೆಗೆಯುತ್ತಿದ್ದವನು ಹಾಗೆಯೇ ನಿಂತ.

"ಹೆಣ ಎದುರಿಗೆ ಉಂಟು, ಅಷ್ಟು ಗಂಡಸರು ನನ್ನ ಬಾಯಿ ನೋಡ್ತಾ ಇದ್ದಾರೆ. ಆಗ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ? ಅದಕ್ಕೆ ಹೇಳಿದೆ. ನನಗೆ ಬಿಡ್ಲಿಕ್ಕೆ ಆಗುದಿಲ್ಲ. ಮಾಡಿ ನೋಡಿದೆ, ಇಲ್ಲಿ ಕೂತು. ಆಗುದಿಲ್ಲ."

"ಅಕ್ಕ, ಮಣ್ಣು ಹಾಕಿ ಆಯ್ತು..." ಎಂದ ಅವನು. "ಈಗ ಹೇಳಿದ್ರೆ ನಾನೆಂತ ಮಾಡ್ಲಿ?"

"ನೀನು ಎಂತ ಮಾಡ್ತಿ? ನಿನ್ನ ತಪ್ಪಲ್ಲ." ಅವಳು ಕೈಯಲ್ಲಿದ್ದ ಕಾಗದ ನೋಡಿದಳು. "ದಿನಾ ದೀಪ ಇಡುವಾಗ ನೋಡ್ತಿದ್ದ ಮುಖ. ಎದುರಿಗೆ ಇದ್ದಾಗ ಸರಿಯಾಗಿ ನೋಡಿಕೊಳ್ಳಬೇಕು ಅಂತ ಯಾರಿಗೆ ಕಾಣ್ತದೆ? ಈಗ ಕಣ್ಣು ಮುಚ್ಚಿದ್ರೆ ಬರುದಿಲ್ಲ. ಮೀಸೆ ಇತ್ತಾ ಇಲ್ವಾ ಅಂತ ಕೂಡ ಗೊತ್ತಾಗುದಿಲ್ಲ. ನೀನು ಆ ದಿನ ಇದ್ದಿಯಲ್ಲ ಮಗ, ಹತ್ತಿರದಿಂದ ನೋಡಿದ್ದಿಯಲ್ಲ. ಇತ್ತಾ?"

ಫೈಝಲ್ ಕಣ್ಣು ಮುಚ್ಚಿ ನೆನಪಿಸಿಕೊಂಡ. ಗೋಡೆ ಬಂತು, ಗಾಜಿನ ಮೇಲೆ ಬಿದ್ದ ಬೆಳಕು ಬಂತು. ಏಣಿ ಬಂತು, ಬಲಗಡೆ, ಒಂದೊಂದು ಮೆಟ್ಟಿಲೂ ಬಂತು. ಇತ್ತು ಎಂದುಬಿಡೋಣವೆಂದು ಬಾಯಿ ತೆರೆದ. ಈ ಕೋಣೆಯಲ್ಲಿ ಕೂತು ಅಂದಾಜಿನಲ್ಲಿ ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ.

"ನಾನು ನೋಡಲಿಲ್ಲ ಅಕ್ಕ" ಎಂದ.

ಕಿನ್ನಿ ತಲೆ ಅಲ್ಲಾಡಿಸಿದಳು. ಆ ಕಾಗದವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟು ಅಂಗೈಯಿಂದ ನೀವಿದಳು. ಏಣಿಯ ಪಕ್ಕದ ಬರಿಯ ಹಲಗೆಯ ಮೇಲೆ, ಬೀಡಿ ಎಲೆಯ ಕರೆ ಹಿಡಿದ ಬೆರಳಿನಿಂದ ಒಂದು ತಲೆ ಸುತ್ತಿದಳು. ಕೆಳಗೆ ಭುಜ ಎಳೆದಳು. ತೋಳು ಎಳೆಯುತ್ತಾ ಬಂದು ಏಣಿ ಹಿಡಿದ ನಾಲ್ಕು ಬೆರಳುಗಳಿಗೆ ಮುಟ್ಟಿಸಿದಳು. ಮತ್ತೆ ತಲೆಯ ಹತ್ತಿರ ಹೋದಳು. ಹಣೆ, ಕಣ್ಣು, ಮೂಗು ದಾಟಿ ಕೆಳಗೆ ಬಂದ ಬೆರಳು ಅಲ್ಲಿಯೇ ನಿಂತಿತು.