ಅಕ್ಕನ ಬಾಗಿಲ ಮುಂದಿನ ನಾಲ್ಕಡಿ

ಜನ ನನ್ನನ್ನು ಕನ್ನಡಿ ಮೇಸ್ತ್ರಿ ಅನ್ನುತ್ತಾರೆ. ನಾನು ಕರಣೆ ಆಡಿಸಿದ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಮೂವತ್ತೆಂಟು ವರ್ಷ ಪಳಗಿದ ಕೈ. ಜಂಬ ಅಂದರೆ ಅನ್ನಲಿ, ನನಗೇನೂ ಬೇಜಾರಿಲ್ಲ.

ಅಂಥವನಿಗೆ ಅಕ್ಕನ ಗಲ್ಲಿಯಲ್ಲೇ ತೂತಿನ ಕಾಂಕ್ರೀಟ್ ಹಾಕುವ ಕೆಲಸ ಬಂತು. ಮರಳೇ ಇಲ್ಲ. ಬರೀ ಜಲ್ಲಿ, ಅದು ಅಂಟಿಕೊಳ್ಳುವಷ್ಟು ಸಿಮೆಂಟ್. ಬಿದ್ದ ಮಳೆ ಸಂದುಗಳಲ್ಲಿ ಇಳಿದು, ಅಡಿಯಲ್ಲಿ ಹಾಸಿದ ಕಲ್ಲು ಸೇರಿ, ಮೆಲ್ಲಗೆ ಮಣ್ಣಿಗೆ ಇಂಗುತ್ತದಂತೆ.

"ರೋಲರ್ ಉರುಳಿಸಿ ಬಿಟ್ಟುಬಿಡಿ ಮೇಸ್ತ್ರಿ. ಕರಣೆ ಮುಟ್ಟಿಸಲೇಬೇಡಿ. ತೂತು ಮುಚ್ಚಿದ್ರೆ ನೀರು ಇಳಿಯಲ್ಲ," ಅಂದರು ಇಂಜಿನಿಯರಮ್ಮ. ನನ್ನ ಮಗಳ ವಯಸ್ಸಿನವರು.

"ಇದು ರಸ್ತೆನಾ ಮೇಡಂ? ಇಲಿ ಕಡಿದು ಬಿಟ್ಟ ಹಾಗಿದೆ," ಅಂದೆ, ಅವರು ತೋರಿಸಿದ ಮಾದರಿ ತುಂಡು ನೋಡಿ.

ನಕ್ಕರು. ಆದರೆ ಗಲ್ಲಿಯ ತಗ್ಗಿನ ತುದಿಗೆ ಕರೆದುಕೊಂಡು ಹೋಗಿ, ಮಹಡಿಗಳ ತಾರಸಿ ನೀರೆಲ್ಲ ಬಂದು ಬೀಳುವ ಪೈಪ್ ತೋರಿಸಿದರು. ಅದರ ಬಾಯಿ ಇದ್ದದ್ದು ಅಕ್ಕನ ಬಾಗಿಲ ಮುಂದೆ. "ಇಡೀ ಗಲ್ಲಿ ಒಂದು ತೂಕ, ಈ ನಾಲ್ಕಡಿ ಒಂದು ತೂಕ."

ನನಗೆ ಗೊತ್ತಿಲ್ಲವೇ? ರಸ್ತೆಗಿಂತ ಎರಡು ಮೆಟ್ಟಿಲು ಕೆಳಗಿನ ಆ ಒಂಟಿ ಕೋಣೆಯಿಂದ ಪ್ರತಿ ಮಳೆಗೂ ನೀರು ಮೊಗೆದು ಹಾಕಿದವನು ನಾನೇ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ನಾನು ಒಡೆದದ್ದನ್ನೆಲ್ಲ ತಾನೇ ಒಡೆದೆ ಅಂತ ಹೇಳಿ ಅಪ್ಪನ ಏಟು ತಿಂದವಳು. ಲಕ್ವ ಹೊಡೆದ ಮೇಲೆ ಎಡಗಾಲು ಎಳೆದುಕೊಂಡು ನಡೆಯುತ್ತಿದ್ದಳು.

ಕಾಂಕ್ರೀಟ್ ಹಾಕಿದ ದಿನ ಅವಳು ಮೆಟ್ಟಿಲ ಮೇಲೆ ಕೂತು ನೋಡಿದಳು. "ಇದೇನೋ ಇಷ್ಟು ತರಿತರಿ? ನನ್ನ ಕಾಲು ಸಿಕ್ಕಿಕೊಳ್ಳಲ್ವೇನೋ? ಊರಿಗೆಲ್ಲ ಕನ್ನಡಿ, ಅಕ್ಕನಿಗೆ ಮಾತ್ರ ಜಲ್ಲಿ!"

ತಮಾಷೆಗೇ ಅಂದಳು. ನನಗೆ ಚುಚ್ಚಿತು. ಇಂಜಿನಿಯರಮ್ಮ ಊಟಕ್ಕೆ ಹೋಗಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು. ಸಿಮೆಂಟನ್ನು ನೀರಲ್ಲಿ ಕಲಸಿ, ಆ ನಾಲ್ಕಡಿಗೆ ಬಳಿದು, ಕರಣೆ ಎಳೆದೆ. ಇಷ್ಟು ಉದ್ದದ ಗಲ್ಲಿ ನೀರು ಕುಡಿಯುವಾಗ ಇಷ್ಟಗಲದಿಂದ ಏನಾದೀತು ಅಂದುಕೊಂಡೆ.

"ಈಗ ನೋಡು, ಇದು ನನ್ನ ತಮ್ಮನ ಕೆಲಸ," ಅಂದಳು ಅಕ್ಕ. ಯಾರೂ ನೋಡುವ ಮೊದಲೇ ಪ್ಲಾಸ್ಟಿಕ್ ಹೊದಿಸಿದೆ.

ಎಂಟನೇ ದಿನ ಬೆಳಿಗ್ಗೆ ಅದನ್ನು ತೆಗೆದು ಬೇರೆ ಕೆಲಸಕ್ಕೆ ಹೋದೆ. ಮಧ್ಯಾಹ್ನ ಜೋರು ಮಳೆ. ನೀರು ಕಣ್ಣೆದುರೇ ಮಾಯವಾಗುವುದನ್ನು ನೋಡಿ ಗಲ್ಲಿಯವರು ಚಪ್ಪಾಳೆ ತಟ್ಟಿದರಂತೆ. ತಗ್ಗಿನ ತುದಿಯಲ್ಲಿ ಪೈಪಿನ ನೀರು ನನ್ನ ಕನ್ನಡಿಯ ಮೇಲೆ ಬಿದ್ದು, ಮೆಟ್ಟಿಲಿಳಿದು, ಒಳಗೆ ನುಗ್ಗಿತು. ಹಾಸಿಗೆ ಎತ್ತಿಡಲು ಎದ್ದ ಅಕ್ಕ ಜಾರಿ ಬಿದ್ದು ಸೊಂಟ ಮುರಿದುಕೊಂಡಳು.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ದಿನಾ ತಪ್ಪು ಒಪ್ಪಿಕೊಳ್ಳಬೇಕು ಅಂತಲೇ ಹೋಗುತ್ತಿದ್ದೆ, ಕಿತ್ತಳೆ ಸುಲಿದು ಕೊಟ್ಟು ಬರುತ್ತಿದ್ದೆ. "ಕೋಣೆ ಒಣಗಿತೇನೋ?" ಅಂತ ದಿನಾ ಕೇಳುತ್ತಿದ್ದಳು. ಹನ್ನೆರಡನೇ ದಿನ ಹೋದಾಗ ಮಂಚ ಖಾಲಿ ಇತ್ತು, ರಾತ್ರಿಯೇ ಅಕ್ಕ ಹೋಗಿಬಿಟ್ಟಿದ್ದಳು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವಳು ಅವಳು.

ವಾರ ಕಳೆದು ಉಳಿ, ಸುತ್ತಿಗೆ ಹಿಡಿದು ಗಲ್ಲಿಗೆ ಹೋದೆ. ಇಂಜಿನಿಯರಮ್ಮ ಆ ನಾಲ್ಕಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಹೇಳಲು ಬಾಯಿ ತೆರೆದೆ.

"ಗೊತ್ತು ಮೇಸ್ತ್ರಿ. ಆಸ್ಪತ್ರೆಗೆ ಹೋಗಿದ್ದಾಗ ನಿಮ್ಮಕ್ಕನೇ ಹೇಳಿದ್ರು. 'ತಮ್ಮ ಬೇಡ ಬೇಡ ಅಂದ. ಅವನು ಆಚೆ ಹೋದಾಗ ನಾನೇ ಯಾರೋ ದಾರಿಹೋಕನ ಕೈಲಿ ಮಾಡಿಸಿದೆ. ಅವನಿಗೆ ಬೈಬೇಡಿ' ಅಂದ್ರು."

ಉಳಿ, ಸುತ್ತಿಗೆ ಕೆಳಗಿಟ್ಟೆ. "ನೀವು ನಂಬಿದ್ರಾ?"

ಅವರು ನೆಲ ಸವರಿದರು. "ಇಷ್ಟು ನುಣುಪು ಬೇರೆ ಯಾರ ಕೈಗೆ ಬರುತ್ತೆ? ಆದ್ರೂ ಹೂಂ ಅಂದೆ. ಆಮೇಲೆ ಅವರು ನೆಮ್ಮದಿಯಾಗಿ ನಿದ್ದೆ ಮಾಡಿದ್ರು."

ಕೂತು ಒಡೆಯತೊಡಗಿದೆ. ಮೊದಲ ಪೆಟ್ಟಿಗೇ ಅಳು ಬಂತು, ಅತ್ತುಬಿಟ್ಟೆ. ಸಂಜೆಯೊಳಗೆ ಹೊಸದಾಗಿ ಹಾಕಿ, ರೋಲರ್ ಉರುಳಿಸಿ, ಕರಣೆ ಮುಟ್ಟದೆ ಎದ್ದೆ.

ಮತ್ತೆ ಮಳೆ ಬಂದ ದಿನ ಓಡಿಹೋದೆ. ಪೈಪಿನ ನೀರು ಬಿದ್ದಷ್ಟೂ ಇಂಗುತ್ತಿತ್ತು. ಮೆಟ್ಟಿಲಿಳಿದು, ಬೀಗ ತೆಗೆದು, ಒಳಗೆ ನೆಲ ಮುಟ್ಟಿ ನೋಡಿದೆ.

"ಒಣಗಿದೆ ಅಕ್ಕ," ಅಂದೆ. "ಅವತ್ತು ನುಣ್ಣಗೆ ಮಾಡಿದ್ದು ನಾನೇ."