ತಗಡಿನ ನಂಬರಿನ ಬಾಗಿಲು

"ಆ ಕೈ ಮೇಜಿನ ಮೇಲೆ ಇಡಬೇಡ ಮಾರಾಯ! ನಾನು ಊಟ ಮಾಡುವ ಜಾಗ ಇದು."

ತೆರಿಗೆ ಕಚೇರಿಯ ಕಾರಕೂನ ಮಂಜಿತ್ತಾಯ ಮರದ ರೂಲುಪಟ್ಟಿಯನ್ನು ಪೀರಸಾಬನ ಬಲಗೈ ಕೆಳಗೆ ತೂರಿಸಿ, ಸತ್ತ ಇಲಿಯನ್ನು ಎತ್ತಿ ಹಾಕುವ ಹಾಗೆ ಅದನ್ನು ಮೇಜಿನಿಂದ ಆಚೆಗೆ ತಳ್ಳಿದ. ಆ ಕೈಯಲ್ಲಿ ಹೆಬ್ಬೆರಳು, ತೋರುಬೆರಳು ಎರಡೇ ಉಳಿದಿದ್ದವು. ಮಿಕ್ಕ ಮೂರನ್ನು ವಿಕ್ರೋಳಿಯ ಕಾರ್ಖಾನೆಯ ಪ್ರೆಸ್ ಮಷೀನು ತಿಂದಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಹೆಸರು ಮುರಿಗೆಪ್ಪ, ಕೈಗಾಡಿ ಎಳೆಯುವವನು. ಪೀರಸಾಬನೂ ನಾನೂ ಒಂದೇ ಊರಿನವರು, ಇಂಡಿ ಕಡೆಯವರು. ಮುಂಬಯಿಯಲ್ಲಿ ನಮ್ಮ ಜೋಪಡಿಗಳಿಗೆ ನಡುಗೋಡೆ ಒಂದೇ ಇತ್ತು.

"ನನ್ನ ರೊಕ್ಕ ಎಲ್ಲೈತ್ರಿ ಸಾಹೇಬ್ರ?" ಎಂದ ಪೀರಸಾಬ, ಕೈಯನ್ನು ಅಂಗಿಯೊಳಗೆ ಮುಚ್ಚಿಕೊಳ್ಳುತ್ತ.

"ರಿಫಂಡು ಪಾಸಾಗಿ ಯಾವ ಕಾಲ ಆಯ್ತು. ವೌಚರು ಪೋಸ್ಟಿಗೆ ಹಾಕಿ ಆಗಿದೆ, ವಾಪಸು ಬಂದೂ ಆಗಿದೆ. ಆ ವಿಳಾಸದಲ್ಲಿ ಮನೆಯೇ ಇಲ್ಲ ಅಂತ ಪೋಸ್ಟಿನವ ಬರ್ದಿದ್ದಾನೆ. ನಾನೆಂತ ಮಾಡುದು?"

"ಮನಿ ಕೆಡವಿದಾವ್ರೂ ನೀವ, ಮನಿ ಎಲ್ಲೈತಿ ಅಂತ ಕೇಳಾವ್ರೂ ನೀವ!"

"ಕೆಡವಿದ್ದು ನಾವಲ್ಲ, ಅದು ಬೇರೆ ಇಲಾಖೆ. ಹೊಸ ವಿಳಾಸದ ರೇಷನ್ ಕಾರ್ಡು ತಾ. ಮತ್ತೆ ಹೊಸ ವೌಚರು."

"ನಾನ ಇಲ್ಲಿ ನಿಂತೀನಲ್ರೀ. ಕೈಯಾಗ ಕೊಟ್ಟ ಬಿಡ್ರಿ."

"ಕೈಯಲ್ಲಿ ಕೊಡ್ಲಿಕ್ಕೆ ಇದೆಂತ ದೇವಸ್ಥಾನದ ಪ್ರಸಾದವಾ? ಅದೂ ಆ ಕೈಯಲ್ಲಿ!" ಎಂದು ಮಂಜಿತ್ತಾಯ ನಕ್ಕ. ಒಳಗಿನ ಮೇಜಿನ ಅಧಿಕಾರಿಯೂ ಕನ್ನಡ ತಿಳಿಯದಿದ್ದರೂ ನಕ್ಕ. "ಮಾತು ಕಡಿಮೆ, ದುಡಿಮೆ ಹೆಚ್ಚು" ಎಂಬ ಎಮರ್ಜೆನ್ಸಿಯ ಹಲಗೆ ಅವನ ನೆತ್ತಿಯ ಮೇಲೆ ತೂಗುತ್ತಿತ್ತು. ದುಡಿದವನು ನಿಂತಿದ್ದ, ಮಾತಾಡುವವರು ಕೂತಿದ್ದರು.

ಪೀರಸಾಬ ಯಾವ ದೊಡ್ಡ ಸಾಹುಕಾರನೂ ಅಲ್ಲ, ತೆರಿಗೆ ಕಟ್ಟುವುದಕ್ಕೆ. ಒಂದು ವರ್ಷ ಕಾರ್ಖಾನೆಗೆ ಭಾರೀ ಆರ್ಡರು ಬಂತು. ಹಗಲೂ ರಾತ್ರಿ ಪ್ರೆಸ್ಸಿಗೆ ನಿಲ್ಲಿಸಿದರು, ಓವರ್‌ಟೈಮು ಕೊಟ್ಟರು. ಇವನು ವರ್ಷಪೂರ್ತಿ ಹೀಗೇ ಗಳಿಸುತ್ತಾನೆ ಎಂದು ಲೆಕ್ಕ ಹಾಕಿ ಪಗಾರದಲ್ಲಿ ತೆರಿಗೆ ಮುರಿದುಕೊಂಡರು. ನಿದ್ದೆಗಣ್ಣಿನಲ್ಲಿ ಬೆರಳು ಹೋದವು. ಕಂಪನಿ ಅವನನ್ನು ಗೇಟಿನ ಹೊರಗೆ ಹಾಕಿತು. ವರ್ಷದ ಗಳಿಕೆ ತೆರಿಗೆಯ ಮಟ್ಟ ಮುಟ್ಟಲೇ ಇಲ್ಲ, ಹಾಗಾಗಿ ಮುರಿದದ್ದನ್ನೆಲ್ಲ ತಿರುಗಿ ಕೊಡಬೇಕು ಎಂದು ಯೂನಿಯನ್ನಿನವನೊಬ್ಬ ಅರ್ಜಿ ಬರೆದುಕೊಟ್ಟ. ನಾನೂರು ಚಿಲ್ಲರೆ ರೂಪಾಯಿ. ಬೆರಳು ಕೊಟ್ಟು ಗಳಿಸಿದ್ದು.

ಅರ್ಜಿಯಲ್ಲಿ ಹಾಕಿದ ವಿಳಾಸ ನಮ್ಮ ನಾಲೆ ದಂಡೆಯ ಜೋಪಡಿಯದು. ಆಗಷ್ಟೇ ಗಣತಿಯವರು ಬಂದು ಒಂದೊಂದು ಬಾಗಿಲಿಗೂ ತಗಡಿನ ನಂಬರು ಹೊಡೆದು, "ನಂಬರು ಬಿದ್ದ ಮನೆ ಯಾರೂ ಮುಟ್ಟೋದಿಲ್ಲ" ಅಂದಿದ್ದರು. ಪೀರಸಾಬನ ಹೆಂಡತಿ ಅಜೀಜಾಬಿ ಶುಕ್ರವಾರಕ್ಕೊಮ್ಮೆ ಆ ತಗಡನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ನಾವು ಪೆದ್ದರು, ತಗಡನ್ನು ನಂಬಿದೆವು.

ಮಳೆಗಾಲ ಹಿಡಿಯುವ ಮುಂಚೆ ಲಾರಿಗಳು ಬಂದವು. ಪೊಲೀಸರು ಸಾಲಾಗಿ ನಿಂತರು. ಅಜೀಜಾಬಿ ಅನ್ನದ ಗಡಿಗೆ ಹಿಡಿದು ಹೊರಗೆ ಬರುವಷ್ಟರಲ್ಲಿ ಮಾಡು ಅವಳ ಬೆನ್ನ ಹಿಂದೆ ಕುಸಿಯಿತು. ಪೀರಸಾಬ ತಗಡಿನ ನಂಬರು ತೋರಿಸುತ್ತ ಬಾಗಿಲಿಗೆ ಅಡ್ಡ ನಿಂತ. ಲಾಠಿ ಅವನ ಮೊಣಕೈಗೆ ಬಿತ್ತು, ಆಮೇಲೆ ತಲೆಗೆ. ರಕ್ತ ಕಣ್ಣಿಗಿಳಿದರೂ ಅವನು ಬಾಗಿಲು ಬಿಡಲಿಲ್ಲ. ಕೊನೆಗೆ ಕೀಲು ಕಿತ್ತು ಬಾಗಿಲೇ ಅವನ ಮೇಲೆ ಬಿತ್ತು. ಅದೊಂದೇ ಉಳಿದದ್ದು. ನನ್ನ ಗಾಡಿಯ ಮೇಲೆ ಅದನ್ನು ಹೇರಿಕೊಂಡು ಸಯನ್ ಸ್ಟೇಷನ್ನಿನ ಹೊರಗಿನ ಫುಟ್‌ಪಾತಿಗೆ ಬಂದೆವು. ಬಾಗಿಲನ್ನು ಗೋಡೆಗೆ ಓರೆಯಾಗಿ ಆನಿಸಿ, ಅದರ ಮರೆಯಲ್ಲಿ ಬಸುರಿ ಅಜೀಜಾಬಿಯನ್ನು ಮಲಗಿಸಿದೆವು.

ಆ ಫುಟ್‌ಪಾತಿಗೂ ಒಬ್ಬ ಒಡೆಯನಿದ್ದ, ಹಫ್ತಾ ವಸೂಲಿಯ ದಾದಾ. ಹಿಂದಿನ ಖಾಲಿ ಜಾಗದಲ್ಲಿ ಜೋಪಡಿ ಹಾಕಲು ಅವನಿಗೆ ಇನ್ನೂರು ರೂಪಾಯಿ ಎಣಿಸಬೇಕು. ರೊಕ್ಕ ಕೊಟ್ಟರೆ ಜೋಪಡಿ, ಜೋಪಡಿ ಇದ್ದರೆ ರೇಷನ್ ಕಾರ್ಡು, ಕಾರ್ಡಿದ್ದರೆ ರಿಫಂಡು. ರಿಫಂಡು ಬಂದರೆ ರೊಕ್ಕ. ಕೂಸು ಮಾಡಿನ ಕೆಳಗೆ ಹುಟ್ಟಬೇಕು ಎಂಬುದೊಂದೇ ಅಜೀಜಾಬಿಯ ಹಟ. ಅದಕ್ಕಾಗಿ ಪೀರಸಾಬ ಆ ಕಚೇರಿಯ ಮೆಟ್ಟಿಲು ಸವೆಸುತ್ತಿದ್ದ.

ಅವತ್ತು ಬರಿಗೈಯಲ್ಲಿ ತಿರುಗಿ ಬಂದಾಗ ದಾದಾ ಬಾಗಿಲ ಮುಂದೆ ನಿಂತಿದ್ದ.

"ಕ್ಯಾ ಬೇ, ಪೈಸಾ ಲಾಯಾ?"

"ಸರಕಾರದ ಕಡೆ ಐತಿ ದಾದಾ. ವೌಚರ್ ತಿರುಗಿ ಹೋಗೇತಿ..."

"ಸಾಲಾ, ಸರ್ಕಾರ್ ತೇರಾ ಬಾಪ್ ಹೈ?" ಎಂದು ದಾದಾ ಒಲೆಗೆ ಒದ್ದ. ಕುದಿಯುವ ಗಂಜಿ ಫುಟ್‌ಪಾತಿಗೆ ಚೆಲ್ಲಿತು. ಪೀರಸಾಬ ಅವನ ಕೊರಳಪಟ್ಟಿ ಹಿಡಿದ. ಎರಡು ಬೆರಳ ಹಿಡಿತ ಎಷ್ಟು ಹೊತ್ತು ನಿಂತೀತು? ದಾದಾನ ಆಳುಗಳು ಅವನನ್ನು ನೆಲಕ್ಕೆ ಕೆಡವಿ ಸೈಕಲ್ ಚೈನಿನಿಂದ ಬಾರಿಸಿದರು. ಬಿಡಿಸಲು ಹೋದ ನನ್ನ ಹಲ್ಲೊಂದು ಬಾಯೊಳಗೇ ಉದುರಿತು. "ಬಿಡ್ರೋ ಹಾಟ್ಯಾಗೋಳ! ಸಾಯ್ತಾನ ಅವ!" ಎಂದು ಅಜೀಜಾಬಿ ಗಂಡನ ಮೇಲೆ ಅಡ್ಡ ಬಿದ್ದಳು. ಪೀರಸಾಬನಿಗೆ ಎತ್ತಿದ್ದ ಒದೆ ಅವಳ ಹೊಟ್ಟೆಗೆ ಬಿತ್ತು.

ನನ್ನ ಗಾಡಿಯ ಮೇಲೆ ಬಾಗಿಲು, ಬಾಗಿಲ ಮೇಲೆ ಅವಳು. ಹಾಗೇ ಆಸ್ಪತ್ರೆಗೆ ಓಡಿದೆವು. ಕೂಸು ಸತ್ತೇ ಹುಟ್ಟಿತು. ಗಂಡು. ಖಬರಸ್ತಾನದಲ್ಲಿ ಮಣ್ಣು ಕೊಡುವಾಗ ಮಾತ್ರ ಯಾರೂ ನಮ್ಮ ವಿಳಾಸ ಕೇಳಲಿಲ್ಲ.

ಆಮೇಲೆ ಅಜೀಜಾಬಿ ಅಳಲಿಲ್ಲ. ನನಗೆ ಅದೇ ಹೆದರಿಕೆಯಾಗಿತ್ತು. ಬಾಗಿಲಿಗೆ ಮೆತ್ತಿದ್ದ ರಕ್ತವನ್ನು ತಾನೇ ತೊಳೆದಳು. ತಗಡಿನ ನಂಬರನ್ನು ಬೂದಿ ಹಾಕಿ ತಿಕ್ಕಿದಳು. ಆಮೇಲೆ ಗಂಡನ ಮುಂದೆ ಕೂತು, "ಇನ್ನ ಈ ಬಾಗಲಾ ನಮಗ್ಯಾಕ ಬೇಕು ಜೀ? ಮನಿ ಎಲ್ಲಿ, ಮನಿ ಎಲ್ಲಿ ಅಂತಾರಲ್ಲ ಆ ಭಾಡ್ಯಾಗೋಳು. ಒಯ್ದು ಅವರಿಗೇ ಹಚ್ಚಿ ಬರೂಣು ನಡೀರಿ," ಅಂದಳು.

ಧಾರಾವಿ ದಾಟಿ, ಮಾಹೀಮಿನ ಖಾಡಿಯ ಸೇತುವೆ ದಾಟಿ, ಬಾಂದ್ರಾದ ಆ ಕಚೇರಿಯವರೆಗೆ ಗಾಡಿ ಎಳೆದೆ. ಪೀರಸಾಬ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಮೊಳೆಗಳನ್ನು ಜೇಬಿಗೆ ತುಂಬಿಕೊಂಡು ಅಜೀಜಾಬಿಯ ಜೊತೆ ಹಿಂದೆ ನಡೆದ. ಬಾಗಿಲು ಹೊತ್ತುಕೊಂಡು ಬಂದವರನ್ನು ಯಾವ ಜವಾನನೂ ತಡೆಯಲಿಲ್ಲ. ರಿಪೇರಿಯವರು ಎಂದುಕೊಂಡು ಒಬ್ಬ ದಾರಿಯನ್ನೂ ತೋರಿಸಿದ. ಮಂಜಿತ್ತಾಯ ಊಟದ ಡಬ್ಬಿ ಬಿಚ್ಚಿ ಕೂತಿದ್ದ.

"ಇದೆಂತದು ಮತ್ತೆ?"

"ನನ್ನ ವಿಳಾಸ ರೀ. ನಂಬರ್ ಓದ್ಕೋರಿ," ಎಂದು ಪೀರಸಾಬ ಬಲಗೈಯನ್ನು ಬೇಕೆಂದೇ ಮೇಜಿನ ಮೇಲಿಟ್ಟ.

"ತೆಗೀ ಕೈ! ಬೊಬ್ಬೆ ಹಾಕಿದ್ರೆ ಮೀಸಾ ಕಾಯ್ದೆಯಲ್ಲಿ ಒಳಗೆ ಹಾಕಿಸ್ತೇನೆ, ಬ್ಯಾವರ್ಸಿ!" ರೂಲುಪಟ್ಟಿ ಚಟ್ಟನೆ ಬಿದ್ದದ್ದು ಕೊಯ್ದ ಬೆರಳುಗಳ ಮೊಂಡಿನ ಮೇಲೆ.

ಪೀರಸಾಬ ಮಂಜಿತ್ತಾಯನ ಮುಂಗೈಯನ್ನು ಮೇಜಿಗೆ ಒತ್ತಿ ಹಿಡಿದ. ಎಡಗೈಯಲ್ಲಿ ಸುತ್ತಿಗೆ ಎತ್ತಿದ.

"ಮೂರು ಬೆರಳ ತಗೀತೀನಿ. ಆಮ್ಯಾಲ ನೀ ಎಲ್ಲಿಗೆ ಅರ್ಜಿ ಕೊಡತೀಯೋ ಕೊಡು, ಸೂಳೇಮಗನ!"

ಮಂಜಿತ್ತಾಯನ ಗಂಟಲಿನಿಂದ ಕರುವಿನಂಥ ದನಿ ಬಂತು. ಸುತ್ತಿಗೆ ಡಬ್ಬಿಯ ಮೇಲೆ ಬಿತ್ತು. ಹಿತ್ತಾಳೆ ಒಳಕ್ಕೆ ಮಡಚಿ, ಸಾರು ಅವನ ಮುಖಕ್ಕೂ ಗೋಡೆಯ ಹಲಗೆಗೂ ಹಾರಿತು. ಎರಡನೆಯ ಏಟಿಗೆ ಮೇಜಿನ ಗಾಜು ಪುಡಿಪುಡಿಯಾಯಿತು. ಫೋನಿಗೆ ಕೈ ಹಾಕಿದ ಅಧಿಕಾರಿಯ ಮೂಗಿಗೆ ನಾನು ಗುದ್ದಿ ತಂತಿ ಕಿತ್ತೆ. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ಹೊರಗೆ ಬಂದು ಅವರ ಬಾಗಿಲು ಎಳೆದುಕೊಂಡೆವು. ಅದರ ಚೌಕಟ್ಟಿನ ಮೇಲೆ ನಮ್ಮ ಬಾಗಿಲನ್ನು ಆನಿಸಿ ನಾನು ಹೆಗಲು ಕೊಟ್ಟೆ. ಪೀರಸಾಬ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡ. ಮೊಳೆ ಹಿಡಿಯಲು ಎರಡು ಬೆರಳು ಸಾಕು. ಮೇಲೆ, ಕೆಳಗೆ, ನಡುವೆ ಜಡಿಯುತ್ತ ಹೋದ. ಒಳಗಿನವರು ತಮ್ಮ ಬಾಗಿಲು ತೆರೆದಾಗ ಎದುರಿಗೆ ನಮ್ಮ ಬಾಗಿಲು ನಿಂತಿತ್ತು. ಜವಾನ ಆಗಲೇ ಕೆಳಗೆ ಓಡಿದ್ದ.

ಅಜೀಜಾಬಿ ಆ ಬಾಗಿಲಿಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಳು, ಸಂಜೆ ಹೊತ್ತು ನಮ್ಮ ನಾಲೆ ದಂಡೆಯಲ್ಲಿ ಕೂರುತ್ತಿದ್ದ ಹಾಗೆ. ಕುಪ್ಪಸದ ಮುಂಭಾಗ ಹಾಲಿಗೆ ಒದ್ದೆಯಾಗಿತ್ತು. ಅವಳು ಸೆರಗನ್ನೂ ಎಳೆದುಕೊಳ್ಳಲಿಲ್ಲ.

ಒಳಗಿನಿಂದ ದಬದಬ ಬಡಿತ. "ತೆಗೀ ಮಾರಾಯ! ಬಾಗಿಲು ತೆಗೀ!"

"ಯಾರ್ರೀ ಅದು?" ಎಂದಳು ಅಜೀಜಾಬಿ.

"ನಾನು... ಮಂಜಿತ್ತಾಯ... ತೆಗೀಯಮ್ಮಾ..."

"ಎಲ್ಲಿರತೀರಿ? ರೇಷನ್ ಕಾರ್ಡ್ ಐತೇನು?"

ಕೆಳಗೆ ಮೆಟ್ಟಿಲುಗಳ ಮೇಲೆ ಬೂಟುಗಳು ಏರಿ ಬರುತ್ತಿದ್ದವು. ಪೀರಸಾಬ ತುಟಿಯಿಂದ ಇನ್ನೊಂದು ಮೊಳೆ ತೆಗೆದು, ಎರಡು ಬೆರಳಲ್ಲಿ ಹಿಡಿದು ಹೊಡೆದ.